ಹೊಸಬರು ಮನೆಗೆ ಬಂದ ಮೊದಲ ವಾರ: ಕಸದ ಮಾಹಿತಿ ತಲುಪಿಸುವ ಬಗೆ

(ವಸತಿ ಸಂಘಗಳ ಪದಾಧಿಕಾರಿಗಳಿಗೂ ಸ್ವಯಂಸೇವಕರಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮನೆ ಬದಲಿಸುವ ವಾರದಲ್ಲಿ ಬೀಳುವಷ್ಟು ಕಸ ಬೇರೆ ಯಾವ ಸಾಮಾನ್ಯ ವಾರದಲ್ಲೂ ಬೀಳುವುದಿಲ್ಲ. ರಟ್ಟಿನ ಪೆಟ್ಟಿಗೆಗಳು, ಸುರುಳಿಗಟ್ಟಲೆ ಟೇಪು, ಬಬಲ್ ಶೀಟು, ಥರ್ಮಕೋಲು, ಹೊಸ ಮನೆಗೆ ಹೊಂದದ ಪರದೆ, ದಾರಿಯಲ್ಲಿ ಒಡೆದ ಗಾಜು, ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಬಣ್ಣದ ಡಬ್ಬಿ, ಎಲ್ಲವೂ ಒಟ್ಟಿಗೆ ಹೊರಬರುತ್ತವೆ. ಕಸದ ಗಾಡಿ ಯಾವ ದಿನ ಬರುತ್ತದೆ, ಬುಟ್ಟಿ ಎಲ್ಲಿದೆ, ಯಾರನ್ನು ಕೇಳಬೇಕು ಎಂಬುದು ಆ ಮನೆಯವರಿಗೆ ಗೊತ್ತಿಲ್ಲದ ವಾರವೂ ಅದೇ. ಗೊತ್ತಿಲ್ಲದಾಗ ಜನ ಏನು ಮಾಡುತ್ತಾರೆ? ಎಲ್ಲವನ್ನೂ ಒಂದು ದೊಡ್ಡ ಚೀಲಕ್ಕೆ ತುಂಬಿ ಕಣ್ಣಿಗೆ ಬಿದ್ದ ಮೊದಲ ಬುಟ್ಟಿಗೆ ಹಾಕುತ್ತಾರೆ. ಎರಡು ಮೂರು ಸಲ ಹಾಗೆ ಮಾಡಿದ ಮೇಲೆ ಅದೇ ಆ ಮನೆಯ ಪದ್ಧತಿಯಾಗಿಬಿಡುತ್ತದೆ. ಆಮೇಲೆ ಬದಲಿಸಲು ಹೊರಟರೆ ನೀವು ತಿದ್ದುತ್ತಿರುವುದು ಒಂದು ಅಭ್ಯಾಸವನ್ನು. ಮೊದಲ ವಾರವೇ ಹೋಗಿದ್ದರೆ ಮಾಹಿತಿ ಕೊಟ್ಟರೆ ಸಾಕಾಗುತ್ತಿತ್ತು.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಬಾಸ್ ವರ್ಪ್ಲಾಂಕನ್ ಮತ್ತು ಡೆಬೊರಾ ರಾಯ್ ಎಂಬ ಮನಃಶಾಸ್ತ್ರಜ್ಞರು ಇಂಗ್ಲೆಂಡಿನ ಪೀಟರ್‌ಬರೊ ನಗರದಲ್ಲಿ 800 ಮನೆಗಳ ಮೇಲೆ ನಡೆಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಅರ್ಧ ಮನೆಗಳವರು ಇತ್ತೀಚೆಗೆ ಮನೆ ಬದಲಿಸಿದವರು, ಉಳಿದರ್ಧ ಅಲ್ಲೇ ನೆಲೆಸಿದ್ದವರು. ಪರಿಸರಸ್ನೇಹಿ ನಡವಳಿಕೆಗಳ ಬಗ್ಗೆ ಒಂದೇ ಬಗೆಯ ಪ್ರೋತ್ಸಾಹ ಕೊಟ್ಟರೂ ಹೊಸದಾಗಿ ಬಂದವರಲ್ಲೇ ಹೆಚ್ಚು ಬದಲಾವಣೆ ಕಂಡಿತು. ಈ ಅವಕಾಶ ಸುಮಾರು ಮೂರು ತಿಂಗಳವರೆಗೆ ತೆರೆದಿರುತ್ತದೆ ಎಂಬುದು ಅವರ ಲೆಕ್ಕ. ಮೂರು ತಿಂಗಳು ಎಂದೊಡನೆ ಬಿಡುವಾಗಿ ಹೋಗಬಹುದು ಎಂದುಕೊಳ್ಳಬೇಡಿ. ಕಸದ ಮಟ್ಟಿಗೆ ಮೊದಲ ಹತ್ತು ದಿನವೇ ಮುಖ್ಯ, ಏಕೆಂದರೆ ಮನೆಯೊಳಗೆ ಎಷ್ಟು ಬುಟ್ಟಿ, ಎಲ್ಲಿ ಇಡುವುದು ಎಂಬ ತೀರ್ಮಾನ ಆಗುವುದು ಆಗಲೇ. ಸಿಂಕಿನ ಕೆಳಗೆ ಒಂದೇ ಬುಟ್ಟಿಗೆ ಜಾಗ ಬಿಟ್ಟು ಉಳಿದೆಡೆ ಪಾತ್ರೆ ಜೋಡಿಸಿಟ್ಟ ಮೇಲೆ ಎರಡನೆಯ ಬುಟ್ಟಿ ಒಳಗೆ ಬರುವುದು ಕಷ್ಟ.

ಹಾಗಾದರೆ ಕೈಪಿಡಿ ಅಚ್ಚು ಹಾಕಿಸಿ ಹಂಚೋಣ ಎನ್ನುವವರಿಗೆ ಒಂದು ಮಾತು. ಅಚ್ಚು ಹಾಕಿಸುವ ಮುಂಚೆ ಮಾಡಬೇಕಾದ ಕೆಲಸ ಇನ್ನೊಂದಿದೆ. ಅದನ್ನು ಮಾಡದೆ ಹೋದರೆ ಕೈಪಿಡಿಯಲ್ಲಿ ಒಂದು ಬರೆದಿರುತ್ತದೆ, ಗಾಡಿಯ ಬಳಿ ಇನ್ನೊಂದು ನಡೆಯುತ್ತದೆ. ಬರೆದಂತೆ ನಡೆಯುವುದಿಲ್ಲ ಎಂದು ಒಮ್ಮೆ ಕಂಡವರು ಮತ್ತೆ ಆ ಹಾಳೆಯನ್ನು ನಂಬುವುದಿಲ್ಲ.

ಆ ಕೆಲಸವೆಂದರೆ ಕಸದ ಹಿಂದೆಯೇ ನಡೆದುಹೋಗಿ ನೋಡುವುದು. ನಿಮ್ಮ ಕಟ್ಟಡದ ಅಥವಾ ಬಡಾವಣೆಯ ಕಸ ಒಯ್ಯುವವರು ಯಾರು, ಅವರು ಅದನ್ನು ಯಾರಿಗೆ ಒಪ್ಪಿಸುತ್ತಾರೆ, ಅಲ್ಲಿ ಅದನ್ನು ಎಷ್ಟು ಗುಂಪಾಗಿ ಬಿಡಿಸುತ್ತಾರೆ, ಕೊನೆಗೆ ಕೊಳ್ಳುವವರು ಯಾರು, ಇಷ್ಟನ್ನೂ ಸ್ಥಳಕ್ಕೇ ಹೋಗಿ ಕೇಳಿ. ಮೂರು ಪ್ರಶ್ನೆಗಳು ಬಹಳ ಉಪಯೋಗಕ್ಕೆ ಬರುತ್ತವೆ. ಒಂದು, 'ನಮ್ಮಲ್ಲಿಂದ ಬರುವುದರಲ್ಲಿ ನೀವು ತೆಗೆದು ಬಿಸಾಡುವುದು ಯಾವುದು?' ಎರಡು, 'ಯಾವ ವಸ್ತು ಬಂದರೆ ಇಡೀ ಚೀಲ ಹಾಳಾಗುತ್ತದೆ?' ಮೂರು, 'ನಿಮ್ಮ ಕೈಗೆ ಗಾಯ ಮಾಡುವುದು ಯಾವುದು?' ಮೂರನೆಯ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಅದಕ್ಕೆ ಬರುವ ಉತ್ತರ ನಿಮ್ಮ ಹಾಳೆಯ ಅತಿ ಮುಖ್ಯ ಸಾಲಾಗಬೇಕು.

ಪ್ಲಾಸ್ಟಿಕ್ ವಸ್ತುಗಳ ತಳದಲ್ಲಿರುವ ಬಾಣಗಳ ತ್ರಿಕೋನ ಮತ್ತು 1ರಿಂದ 7ರವರೆಗಿನ ಅಂಕಿಯ ವಿಚಾರದಲ್ಲಿ ಈ ವಿಚಾರಣೆ ತೀರಾ ಅಗತ್ಯ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘಟನೆ ಆ ಅಂಕಿಗಳನ್ನು ತಂದದ್ದು ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಗುರುತಿಸುವುದಕ್ಕೆ. ಸುತ್ತುವ ಬಾಣಗಳನ್ನು ಕಂಡವರು ಇದು ಮರುಬಳಕೆಯಾಗುತ್ತದೆ ಎಂದೇ ತಿಳಿದರು. ಈ ಗೊಂದಲ ತಪ್ಪಿಸಲೆಂದು 2013ರಲ್ಲಿ ಆ ಮಾನದಂಡದಲ್ಲಿ ಬಾಣಗಳ ಬದಲು ಬರಿಯ ತ್ರಿಕೋನವನ್ನು ಸೂಚಿಸಲಾಯಿತು. ಆದರೂ ಹಳೆಯ ಗುರುತು ಇನ್ನೂ ಎಲ್ಲೆಡೆ ಓಡಾಡುತ್ತಿದೆ. ಆದ್ದರಿಂದ ಹಾಳೆಯಲ್ಲಿ 'ಪ್ಲಾಸ್ಟಿಕ್ ಇಲ್ಲಿ ಹಾಕಿ' ಎಂದು ಬರೆಯಬೇಡಿ, 'ಅಂಕಿ ನೋಡಿ ಹಾಕಿ' ಎಂದೂ ಬರೆಯಬೇಡಿ. ವಸ್ತುವಿನ ಹೆಸರನ್ನೇ ಬರೆಯಿರಿ: ನೀರಿನ ಬಾಟಲಿ, ಶಾಂಪೂ ಬಾಟಲಿ, ಹಾಲಿನ ಪೊಟ್ಟಣ, ಎಣ್ಣೆಯ ಡಬ್ಬಿ. ಕಪ್ಪು ಪ್ಲಾಸ್ಟಿಕ್ ತಟ್ಟೆಗಳನ್ನು ಬೇರೆಯಾಗಿ ಹೆಸರಿಸಿ. ಕಪ್ಪು ಬಣ್ಣಕ್ಕೆ ಬಳಸುವ ಇಂಗಾಲದ ಪುಡಿ ಅತಿಗೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಹೀಗಾಗಿ ಯಂತ್ರದಿಂದ ವಿಂಗಡಿಸುವ ಕಡೆಗಳಲ್ಲಿ ಸಂವೇದಕಕ್ಕೆ ಆ ತಟ್ಟೆ ಕಾಣುವುದೇ ಇಲ್ಲ. ಕೈಯಿಂದ ವಿಂಗಡಿಸುವ ಕಡೆ ಈ ತೊಂದರೆ ಇಲ್ಲ. ಒಂದೇ ವಸ್ತುವಿಗೆ ಎರಡು ಊರಲ್ಲಿ ಎರಡು ನಿಯಮ ಇರುವುದು ಇಂಥ ಕಾರಣಗಳಿಂದ. ಹೊಸಬರಿಗೆ ಇದನ್ನು ಹೇಳಲೇಬೇಕು. ಅವರು ಹಿಂದಿನ ಊರಿನ ನಿಯಮವನ್ನು ತಲೆಯಲ್ಲಿಟ್ಟುಕೊಂಡೇ ಬಂದಿರುತ್ತಾರೆ, ಮತ್ತು ತಾವು ಸರಿಯಾಗಿಯೇ ಮಾಡುತ್ತಿದ್ದೇವೆ ಎಂಬ ನಂಬಿಕೆಯಿಂದಲೇ ತಪ್ಪು ಮಾಡುತ್ತಾರೆ.

ಈಗ ಹಾಳೆಯ ವಿಚಾರ. ಒಂದೇ ಹಾಳೆ, ಎ4 ಅಳತೆ, ಎರಡೂ ಬದಿ. ಅದಕ್ಕಿಂತ ಹೆಚ್ಚಾದರೆ ಅದು ಮೇಜಿನ ಖಾನೆ ಸೇರುತ್ತದೆ. ಮುಂಬದಿಯಲ್ಲಿ ನಾಲ್ಕೇ ವಿಷಯ: ಯಾವ ಕಸ ಯಾವ ದಿನ ಎಷ್ಟು ಹೊತ್ತಿಗೆ, ಎಲ್ಲಿ ಇಡಬೇಕು, ಯಾವುದರಲ್ಲಿ ಇಡಬೇಕು, ಸಂಶಯ ಬಂದರೆ ಯಾರಿಗೆ ಫೋನ್ ಮಾಡಬೇಕು. ಅಕ್ಷರದ ಗಾತ್ರ 14 ಪಾಯಿಂಟ್‌ಗಿಂತ ಕಡಿಮೆ ಬೇಡ. ಹಿಂಬದಿಯಲ್ಲಿ ವಸ್ತುಗಳ ಚಿತ್ರ. ಇಲ್ಲಿ ರೇಖಾಚಿತ್ರ ಬಳಸುವವರೇ ಹೆಚ್ಚು, ಆದರೆ ನಿಮ್ಮದೇ ಬುಟ್ಟಿಗಳ, ನಿಮ್ಮಲ್ಲಿ ನಿಜವಾಗಿ ಬೀಳುವ ವಸ್ತುಗಳ ಫೋಟೊ ಬಳಸಿದರೆ ಗೊಂದಲ ಕಡಿಮೆ. ಬಿಳಿ ಹಾಳೆಯ ಮೇಲಿಟ್ಟು ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೊ ಸಾಕು. ಹಾಳೆಯ ಬಣ್ಣವೂ ಬುಟ್ಟಿಯ ಬಣ್ಣವೂ ಒಂದೇ ಇರಲಿ. ಹಾಳೆಯಲ್ಲಿ ಹಸಿರು, ಬುಟ್ಟಿ ನೀಲಿ ಎಂದಾದರೆ ಅರ್ಧ ಮನೆಗಳು ತಪ್ಪುತ್ತವೆ.

ಎಲ್ಲರಿಗೂ ಗೊತ್ತಿರುವುದಕ್ಕೆ ಹಾಳೆಯಲ್ಲಿ ಜಾಗ ಕೊಡಬೇಡಿ. ಪತ್ರಿಕೆ ಒಣ ಕಸ ಎಂದು ಹೇಳಲು ಚಿತ್ರ ಬೇಕಿಲ್ಲ. ಜನ ಬುಟ್ಟಿಯ ಮುಂದೆ ಕೈಯಲ್ಲಿ ಹಿಡಿದು ನಿಲ್ಲುವ ವಸ್ತುಗಳು ಹತ್ತು ಹನ್ನೆರಡು ಇರುತ್ತವೆ, ಅವುಗಳಿಗೆ ಜಾಗ ಕೊಡಿ. ಕಾಗದದ ಲೋಟ: ಒಳಗೆ ಪ್ಲಾಸ್ಟಿಕ್ ಲೇಪವಿದೆ. ಅಂಗಡಿಯ ರಸೀದಿ: ಅದು ಶಾಖಕ್ಕೆ ಬಣ್ಣ ಬದಲಿಸುವ ರಾಸಾಯನಿಕ ಸವರಿದ ಕಾಗದ, ರದ್ದಿಗೆ ಸೇರಿಸಬಾರದು. ಒಡೆದ ಗಾಜಿನ ಲೋಟ, ಕನ್ನಡಿ: ಬಾಟಲಿಯ ಗಾಜಿನ ಜತೆ ಕರಗುವಂಥವಲ್ಲ. ಎಣ್ಣೆ ಹತ್ತಿದ ಕಾಗದ, ಬಳಸಿದ ಟಿಶ್ಯೂ, ಡಯಾಪರ್, ಕೂದಲು, ಕಸಬರಿಕೆಯಿಂದ ಗುಡಿಸಿದ ಧೂಳು. ಇವುಗಳಿಗೆ ಉತ್ತರ ಸ್ಪಷ್ಟವಾಗಿದ್ದರೆ ಉಳಿದದ್ದನ್ನು ಮನೆಯವರೇ ನಿಭಾಯಿಸುತ್ತಾರೆ.

ಒಂದು ವಸ್ತುವನ್ನು ಹತ್ತಿರದಿಂದ ನೋಡೋಣ. ಹಣ್ಣಿನ ರಸ ಬರುವ ಚೌಕಾಕಾರದ ಪೆಟ್ಟಿಗೆ. ಹೊರಗಿನಿಂದ ನೋಡಿದರೆ ರಟ್ಟು. ಕತ್ತರಿಯಿಂದ ಸೀಳಿ ಒಳಗೆ ನೋಡಿದರೆ ಬೆಳ್ಳಿಯಂತೆ ಹೊಳೆಯುತ್ತದೆ. ಅದರ ತೂಕದಲ್ಲಿ ನೂರಕ್ಕೆ ಸುಮಾರು 70ರಿಂದ 75 ಭಾಗ ರಟ್ಟು, 20ರಿಂದ 25 ಭಾಗ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್, ಉಳಿದ 5 ಭಾಗದಷ್ಟು ಅಲ್ಯುಮಿನಿಯಂ. ಇವು ಪದರ ಪದರವಾಗಿ ಅಂಟಿಕೊಂಡಿವೆ. ಕಾರ್ಖಾನೆಯಲ್ಲಿ ನೀರಿಗೆ ಹಾಕಿ ಕಲಕಿದಾಗ ಕಾಗದದ ನಾರು ಬಿಟ್ಟುಕೊಳ್ಳುತ್ತದೆ, ಪ್ಲಾಸ್ಟಿಕ್ ಮತ್ತು ಅಲ್ಯುಮಿನಿಯಂ ಬೇರೆಯಾಗಿ ಉಳಿಯುತ್ತವೆ. ಅಂಥ ಕಾರ್ಖಾನೆಯ ತನಕ ಅದು ತಲುಪುವುದಿದ್ದರೆ ಮಾತ್ರ ಬೇರೆ ಇಡುವುದಕ್ಕೆ ಅರ್ಥ, ಸಾಧಾರಣ ರದ್ದಿಯ ಜತೆ ಸೇರಿದರೆ ಅದು ಬರಿಯ ಕಲಬೆರಕೆ. ಮನೆಯಲ್ಲಿ ಮಾಡಬೇಕಾದದ್ದು: ಮೂಲೆ ಬಿಚ್ಚಿ, ಉಳಿದ ರಸ ಚೆಲ್ಲಿ, ಅರ್ಧ ಲೋಟ ನೀರು ಹಾಕಿ ಒಮ್ಮೆ ಅಲುಗಾಡಿಸಿ ತೊಳೆದು, ಬೋರಲು ಹಾಕಿ ಒಣಗಿಸಿ, ಚಪ್ಪಟೆ ಮಾಡಿ ಇಡುವುದು. ಪಾತ್ರೆ ತೊಳೆದ ನೀರೇ ಇದಕ್ಕೆ ಸಾಕು. ಒಣಗಿಸದಿದ್ದರೆ ಎರಡು ಮೂರು ದಿನಕ್ಕೆ ಒಳಗೆ ಬೂಷ್ಟು ಹಿಡಿಯುತ್ತದೆ, ವಾಸನೆಗೆ ಇರುವೆ ಜಿರಲೆ ಬರುತ್ತವೆ, ಮನೆಯವರು ಒಣ ಕಸ ಕೂಡಿಡುವುದನ್ನೇ ಬಿಡುತ್ತಾರೆ. ಒಣ ಕಸದ ವ್ಯವಸ್ಥೆ ಮನೆಗಳಲ್ಲಿ ಮುರಿದುಬೀಳುವುದು ಬಹಳ ಸಲ ಹೀಗೆಯೇ, ಒದ್ದೆಯಿಂದ.

ಇನ್ನು ಮೊದಲ ದಿನದ ದೊಡ್ಡ ರಾಶಿ, ರಟ್ಟಿನ ಪೆಟ್ಟಿಗೆಗಳು. ಇದರ ಮಾಹಿತಿ ಸಾಮಾನು ಬರುವ ದಿನ ಸಿಕ್ಕರೆ ತಡವಾಯಿತು. ಬಾಡಿಗೆ ಕರಾರು ಅಥವಾ ಖರೀದಿ ಪತ್ರ ಆಗುವ ಹೊತ್ತಿಗೇ ಹೊಸಬರಿಗೆ ಒಂದು ಸಣ್ಣ ಸಂದೇಶ ಹೋಗಬೇಕು. ಅದರಲ್ಲಿ ಮೂರು ವಿಷಯ ಇದ್ದರೆ ಸಾಕು. ಸಾಮಾನು ಸಾಗಿಸುವವರು ಪೆಟ್ಟಿಗೆ ವಾಪಸ್ ಒಯ್ಯುತ್ತಾರೆಯೇ ಎಂದು ಗೊತ್ತುಮಾಡುವಾಗಲೇ ಕೇಳಿ. ಬೇಡವಾದದ್ದನ್ನು ಹಳೆಯ ಮನೆಯಲ್ಲೇ ವಿಲೇವಾರಿ ಮಾಡಿ ಬನ್ನಿ, ಅಲ್ಲಿ ನಿಮಗೆ ಜನ ಗೊತ್ತು, ಜಾಗ ಗೊತ್ತು. ಹೊಸ ಫ್ರಿಜ್ಜು, ಟಿವಿ ತರಿಸುತ್ತಿದ್ದರೆ ಥರ್ಮಕೋಲನ್ನು ತಂದವರ ಕೈಯಲ್ಲೇ ಮರಳಿಸಲು ಕೇಳಿ ನೋಡಿ. ಥರ್ಮಕೋಲಿನಲ್ಲಿ ನೂರಕ್ಕೆ ಸುಮಾರು 98 ಭಾಗ ಗಾಳಿ. ಜಾಗ ತುಂಬುತ್ತದೆ, ತೂಕ ಬರುವುದಿಲ್ಲ, ಹಾಗಾಗಿ ಅದನ್ನು ಸಾಗಿಸುವ ಖರ್ಚು ಅದರಿಂದ ಸಿಗುವ ಬೆಲೆಗಿಂತ ಹೆಚ್ಚಾಗಿ, ಕೊಳ್ಳುವವರು ಸಿಗುವುದು ಕಷ್ಟ. ಮುರಿದರೆ ಬಿಳಿ ಕಾಳುಗಳಾಗಿ ಚರಂಡಿ ಸೇರುತ್ತದೆ. ಯಾವ ಕಾರಣಕ್ಕೂ ಮುರಿದು ಚೀಲಕ್ಕೆ ತುಂಬಬೇಡಿ ಎಂಬ ಸಾಲು ಸಂದೇಶದಲ್ಲಿರಲಿ.

ಉಳಿದ ಪೆಟ್ಟಿಗೆಗಳಿಗೆ ಕ್ರಮ ಹೀಗೆ. ತಳದ ಟೇಪನ್ನು ಉದ್ದಕ್ಕೆ ಸೀಳಿ, ಸುಲಭವಾಗಿ ಬರುವಷ್ಟು ಟೇಪು ಕಿತ್ತು, ಪೆಟ್ಟಿಗೆಯನ್ನು ಚಪ್ಪಟೆ ಮಾಡಿ, ಒಬ್ಬರು ಕಂಕುಳಲ್ಲಿ ಹಿಡಿದು ಒಯ್ಯುವಷ್ಟು ಕಟ್ಟು ಮಾಡಿ, ಹುರಿಯಿಂದ ಎರಡು ಕಡೆ ಕಟ್ಟಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದರೆ ವಿಂಗಡಿಸುವ ಯಂತ್ರದ ಉರುಳೆಗಳಿಗೆ ಸುತ್ತಿಕೊಳ್ಳುತ್ತದೆ. ಮಳೆಗೆ ನೆನೆಯದ ಜಾಗದಲ್ಲಿಡುವುದು ಮುಖ್ಯ. ನೆನೆದ ರಟ್ಟು ಬೂಷ್ಟು ಹಿಡಿಯುತ್ತದೆ, ತೂಕ ಸುಳ್ಳಾಗುತ್ತದೆ, ಕೊಳ್ಳುವವರು ಬೆಲೆ ಇಳಿಸುತ್ತಾರೆ ಇಲ್ಲವೇ ಬೇಡವೆನ್ನುತ್ತಾರೆ.

ಆದರೆ ಗಟ್ಟಿಯಾಗಿರುವ ಪೆಟ್ಟಿಗೆಯನ್ನು ರದ್ದಿಗೆ ಹಾಕುವುದೇ ನಷ್ಟ. ಬರುವವರಿರುವ ಕಡೆ ಹೋಗುವವರೂ ಇರುತ್ತಾರೆ. ನೆಲಮಾಳಿಗೆಯಲ್ಲೋ ಮೆಟ್ಟಿಲ ಕೆಳಗೋ ಒಂದು ಅಟ್ಟಣಿಗೆ ಮಾಡಿ, ಚಪ್ಪಟೆ ಮಾಡಿದ ಪೆಟ್ಟಿಗೆ, ಬಬಲ್ ಶೀಟು, ಹುರಿ ಅಲ್ಲಿಟ್ಟರೆ ಮನೆ ಖಾಲಿ ಮಾಡುವವರು ಒಯ್ಯುತ್ತಾರೆ. ಇದು ಕೆಡುವುದು ಎರಡು ಕಾರಣಕ್ಕೆ. ಯಾರೂ ಹೊಣೆ ಹೊರದಿದ್ದರೆ ಅಟ್ಟಣಿಗೆ ಎರಡೇ ತಿಂಗಳಲ್ಲಿ ತಿಪ್ಪೆಯಾಗುತ್ತದೆ. ಒಬ್ಬರ ಹೆಸರು ಬರೆದು ಹಾಕಿ, ಇಟ್ಟ ದಿನಾಂಕವನ್ನು ಪೆಟ್ಟಿಗೆಯ ಮೇಲೆ ಬರೆಸಿ, 30 ದಿನ ಮೀರಿದ್ದನ್ನು ಗುಜರಿಗೆ ಕಳಿಸಿ. ಎರಡನೆಯದು ಕೀಟ. ರಟ್ಟಿನ ಅಲೆಅಲೆಯ ಸಂದಿನಲ್ಲಿ ಜಿರಲೆ ಮೊಟ್ಟೆ, ತಿಗಣೆ ಬಂದು ಕೂರುತ್ತವೆ. ಅಂಚಿನ ಸಂದುಗಳನ್ನು ಟಾರ್ಚ್ ಹಾಕಿ ನೋಡಿಯೇ ಒಳಗೆ ತೆಗೆದುಕೊಳ್ಳಬೇಕು. ಕಲೆಯಾದದ್ದು, ಆಹಾರದ ವಾಸನೆ ಇರುವುದು ಬೇಡ.

ಈವರೆಗೆ ಹೇಳಿದ್ದೆಲ್ಲ ಬಿದ್ದ ಕಸದ ಮಾತಾಯಿತು. ಕಸವೇ ಬೀಳದಂತೆ ನೋಡಿಕೊಳ್ಳುವುದು ಇದಕ್ಕಿಂತ ದೊಡ್ಡದು, ಮತ್ತು ಸ್ವಾಗತದ ಮಾಹಿತಿ ಅತಿ ಹೆಚ್ಚು ಕೆಲಸ ಮಾಡುವುದು ಅಲ್ಲಿಯೇ. ಹೊಸಬರು ಬಿಸಾಡುವ ವಸ್ತುಗಳನ್ನು ಕೊಳ್ಳುವುದು ಬಹುಪಾಲು ಗೊತ್ತಿಲ್ಲದ ಕಾರಣಕ್ಕೆ. ನಲ್ಲಿಯ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಗೊತ್ತಿಲ್ಲ, ಬಾಟಲಿ ನೀರು ತರುತ್ತಾರೆ. ಪಾತ್ರೆ ಯಾವ ಪೆಟ್ಟಿಗೆಯಲ್ಲಿದೆ ಗೊತ್ತಿಲ್ಲ, ಕಾಗದದ ತಟ್ಟೆ ತರುತ್ತಾರೆ. ಗೋಡೆಗೆ ಮೊಳೆ ಹೊಡೆಯಲು ಡ್ರಿಲ್ ಯಾರ ಬಳಿ ಇದೆ ಗೊತ್ತಿಲ್ಲ, ಹೊಸದು ಕೊಳ್ಳುತ್ತಾರೆ. ಆದ್ದರಿಂದ ನಿಮ್ಮ ಮಾಹಿತಿಯಲ್ಲಿ ಇವಿಷ್ಟು ಇರಲಿ: ನೀರಿನ ಇತ್ತೀಚಿನ ಪರೀಕ್ಷೆಯ ಫಲಿತಾಂಶ ಮತ್ತು ಅದಕ್ಕೆ ಯಾವ ಬಗೆಯ ಶೋಧನೆ ಬೇಕು ಎಂಬುದು, ಚೀಲ, ಡಬ್ಬಿ ಒಯ್ದರೆ ತುಂಬಿಸಿಕೊಡುವ ಅಂಗಡಿಗಳು, ಚಪ್ಪಲಿ, ಮಿಕ್ಸರ್, ಮೊಬೈಲು, ಬಟ್ಟೆ ರಿಪೇರಿ ಮಾಡುವವರ ಪಟ್ಟಿ, ಎರವಲು ಸಿಗುವ ಏಣಿ, ಡ್ರಿಲ್, ಮಡಿಸುವ ಮಂಚದಂಥವು ಯಾರ ಬಳಿ ಇವೆ ಎಂಬುದು. ಪಟ್ಟಿಯಲ್ಲಿರುವ ಪ್ರತಿ ರಿಪೇರಿಯವರಿಗೂ ನೀವೇ ಫೋನ್ ಮಾಡಿ ಖಚಿತಪಡಿಸಿಕೊಂಡಿರಬೇಕು. ಮುಚ್ಚಿದ ಅಂಗಡಿಯ ಹೆಸರು ಒಂದಿದ್ದರೂ ಜನ ಉಳಿದವನ್ನು ನಂಬುವುದಿಲ್ಲ.

ಇದಕ್ಕೆ ಜತೆಯಾಗಿ ಒಂದು ಎರವಲು ಪೆಟ್ಟಿಗೆಯನ್ನೂ ಮಾಡಬಹುದು. ಆರು ಸ್ಟೀಲ್ ತಟ್ಟೆ, ಆರು ಲೋಟ, ಆರು ಚಮಚ, ಒಂದು ಚಾಕು, ಒಂದು ಕತ್ತರಿ, ಎರಡು ಪಾತ್ರೆ ಒರೆಸುವ ಬಟ್ಟೆ, ಒಂದು ಮುಚ್ಚಳವಿರುವ ಹಸಿ ಕಸದ ಡಬ್ಬಿ. ಸಾಮಾನು ಬರುವ ಹಿಂದಿನ ಸಂಜೆ ಕೊಟ್ಟು ವಾರದ ಮೇಲೆ ವಾಪಸ್ ಪಡೆಯುವುದು. ಪಟ್ಟಿಯನ್ನು ಮುಚ್ಚಳದ ಒಳಗೆ ಅಂಟಿಸಿ, ಮರಳಿದಾಗ ಎಣಿಸಿಕೊಳ್ಳಿ. ಮೊದಲ ವಾರದ ಬಿಸಾಡುವ ತಟ್ಟೆ ಲೋಟಗಳನ್ನು ಇದು ನೇರವಾಗಿ ತಪ್ಪಿಸುತ್ತದೆ, ಮತ್ತು ಪೆಟ್ಟಿಗೆ ವಾಪಸ್ ಪಡೆಯುವ ನೆಪದಲ್ಲಿ ನಿಮಗೆ ಎರಡನೆಯ ಭೇಟಿ ಸಿಗುತ್ತದೆ. ನಮ್ಮ ದೃಷ್ಟಿಯಲ್ಲಿ ಅಚ್ಚಾದ ಕೈಪಿಡಿಗಿಂತ ಈ ಪೆಟ್ಟಿಗೆಗೆ ಹಣ ಹಾಕುವುದು ಮೇಲು.

ಆಹಾರದ ವಿಚಾರ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಗಿದೆ, ಅದರಲ್ಲಿ 63 ಕೋಟಿ ಟನ್ನಿನಷ್ಟು ಮನೆಗಳಿಂದ. ಹೋಟೆಲು, ಅಂಗಡಿಗಳೆಲ್ಲ ಸೇರಿದರೂ ಮನೆಗಳಷ್ಟಾಗುವುದಿಲ್ಲ. ಹೊಸ ಮನೆಯಲ್ಲಿ ಖಾಲಿ ಫ್ರಿಜ್ಜನ್ನು ಕಂಡು ಒಂದೇ ಸಲ ತುಂಬುವುದು, ಅಡುಗೆಮನೆ ಇನ್ನೂ ಅಣಿಯಾಗದೆ ಹೊರಗಿನಿಂದ ತರಿಸುವುದು, ತುಂಬಿದ್ದು ಕೊಳೆಯುವುದು ಸಾಮಾನ್ಯ. ಮೊದಲ ವಾರಕ್ಕೆ ಮೂರು ದಿನದಷ್ಟೇ ತರಕಾರಿ ತನ್ನಿ, ಫ್ರಿಜ್ಜಿನ ಒಳಗಿನ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರದಂತೆ ನೋಡಿಕೊಳ್ಳಿ ಎಂಬ ಎರಡು ಸಾಲು ಸಾಕು. ಸಾಗಣೆಯಾದ ಫ್ರಿಜ್ಜಿನ ಗುಂಡಿ ತಿರುಗಿಹೋಗಿರುವುದುಂಟು, ಹಾಲು ಒಡೆದ ಮೇಲೆಯೇ ಗೊತ್ತಾಗುವುದು.

ಹಸಿ ಕಸ ಬೇರೆ ಇಡಿ ಎಂದಾಗ ಹೊಸಬರ ಮೊದಲ ಆಕ್ಷೇಪ ವಾಸನೆ. ಅದಕ್ಕೆ ನಿಜವಾದ ಉತ್ತರ ಕೊಡಬೇಕು. ಅಡುಗೆಮನೆಯ ಕಸದಲ್ಲಿ ಮುಕ್ಕಾಲು ಭಾಗದಷ್ಟು ನೀರೇ ಇರುತ್ತದೆ. ಆ ನೀರು ತಳದಲ್ಲಿ ನಿಂತು ಗಾಳಿ ಸಿಗದೆ ಹೋದಾಗ, ಗಾಳಿ ಬೇಡದ ಸೂಕ್ಷ್ಮಾಣುಗಳು ಬೆಳೆದು ನಾತ ಬರುತ್ತದೆ. ಹಾಗಾಗಿ ಸಿಂಕಿನಲ್ಲೇ ಜಾಲರಿಯಲ್ಲಿ ಸೋರಿಸಿ ಹಾಕುವುದು, ಡಬ್ಬಿಯ ತಳಕ್ಕೆ ಎರಡು ಪದರ ಪತ್ರಿಕೆ ಹಾಸುವುದು, ಡಬ್ಬಿ 5ರಿಂದ 7 ಲೀಟರ್‌ಗಿಂತ ದೊಡ್ಡದಿರದಂತೆ ನೋಡಿಕೊಳ್ಳುವುದು. ದೊಡ್ಡ ಡಬ್ಬಿ ಇದ್ದರೆ ತುಂಬುವ ತನಕ ಖಾಲಿ ಮಾಡುವುದಿಲ್ಲ. ಗೊಬ್ಬರವಾಗುತ್ತದೆ ಎಂದು ಬರೆದಿರುವ ಚೀಲಗಳ ಬಗ್ಗೆ ಎಚ್ಚರಿಸಿ. ಅವುಗಳಲ್ಲಿ ಹಲವು ಕರಗುವುದು ಸುಮಾರು 58 ಡಿಗ್ರಿ ಶಾಖ ವಾರಗಟ್ಟಲೆ ನಿಲ್ಲುವ ದೊಡ್ಡ ಘಟಕಗಳಲ್ಲಿ. ಮನೆಯ ಗೊಬ್ಬರದ ಕುಂಡದಲ್ಲಿ ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತವೆ, ಮತ್ತು ಒಯ್ಯುವವರ ಕಣ್ಣಿಗೆ ಅದೂ ಪ್ಲಾಸ್ಟಿಕ್ ಚೀಲವೇ.

ಮನೆಯಲ್ಲೇ ಗೊಬ್ಬರ ಮಾಡುವ ವಿಷಯವನ್ನು ಮೊದಲ ಹಾಳೆಯಲ್ಲಿ ತುರುಕಬೇಡಿ. ಇದು ಹಲವರಿಗೆ ಒಪ್ಪಿಗೆಯಾಗದ ಮಾತು, ಆದರೂ ಹೇಳುತ್ತೇವೆ. ಪೆಟ್ಟಿಗೆ ಬಿಚ್ಚುತ್ತಿರುವವರಿಗೆ ಗೊಬ್ಬರದ ಕುಂಡ ಕೊಟ್ಟರೆ ಹುಳ ಬಿದ್ದ ದಿನವೇ ಅದು ಬಾಲ್ಕನಿಯ ಮೂಲೆ ಸೇರುತ್ತದೆ, ಮತ್ತೆ ಅವರು ಆ ಕಡೆ ತಲೆ ಹಾಕುವುದಿಲ್ಲ. ನಾಲ್ಕೈದು ವಾರವಾದ ಮೇಲೆ, ಹಸಿ ಕಸ ಬೇರೆ ಇಡುವುದು ರೂಢಿಯಾಗಿದ್ದರೆ, ಆಗ ಹೇಳಿಕೊಡಿ. ಒಂದು ಅಳತೆ ಹಸಿಗೆ ಎರಡು ಅಳತೆ ಒಣಗಿದ ಎಲೆ, ಚೂರು ಮಾಡಿದ ರಟ್ಟು. ಇಂಗಾಲಕ್ಕೂ ಸಾರಜನಕಕ್ಕೂ 30ಕ್ಕೆ 1ರ ಸುಮಾರಿನ ಪ್ರಮಾಣ ಬರಲೆಂದು ಈ ಲೆಕ್ಕ. ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಂಡಿದರೆ ಒಂದೆರಡು ಹನಿ ಬಂದರೆ ತೇವ ಸರಿಯಿದೆ. ಮೂಗಿಗೆ ಅಡರುವ ಅಮೋನಿಯ ವಾಸನೆ ಬಂದರೆ ಒಣ ಪದಾರ್ಥ ಕಡಿಮೆಯಾಗಿದೆ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು: ಬುಡಮೇಲು ಮಾಡಿ, ತೂತು ಕಟ್ಟಿದೆಯೇ ನೋಡಿ. ಹುಳ ಬಿದ್ದಿದ್ದರೆ ಹಸಿ ತೆರೆದುಕೊಂಡಿದೆ ಎಂದರ್ಥ, ಮೇಲೆ ಎರಡು ಅಂಗುಲ ಒಣ ಎಲೆ ಮುಚ್ಚಬೇಕು. ಶಾಖ ಏರುತ್ತಿಲ್ಲ ಎಂದು ಗಾಬರಿಯಾಗುವವರಿಗೆ, ಸಣ್ಣ ಕುಂಡದಲ್ಲಿ ಶಾಖ ನಿಲ್ಲುವುದಿಲ್ಲ, ಆದರೂ ನಿಧಾನಕ್ಕೆ ಗೊಬ್ಬರವಾಗುತ್ತದೆ ಎಂದು ಹೇಳಿ.

ಈಗ ಅಪಾಯದ ವಸ್ತುಗಳು. ಇದನ್ನು ಹಾಳೆಯಲ್ಲಿ ಚೌಕಟ್ಟು ಹಾಕಿ ಕೊಡಿ, ಕಸ ಒಯ್ಯುವವರ ಜೀವದ ಪ್ರಶ್ನೆ ಇದು. ಮೊಬೈಲು, ಪವರ್ ಬ್ಯಾಂಕು, ಆಟಿಕೆ, ಟ್ರಿಮ್ಮರುಗಳಲ್ಲಿರುವ ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಒತ್ತಿ ಜಜ್ಜಿದಾಗ ಒಳಗಿನ ಪದರಗಳು ಒಂದಕ್ಕೊಂದು ತಾಗಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸುತ್ತ ಕಾಗದ, ರಟ್ಟು ಇದ್ದರೆ ಬೆಂಕಿ ಹಬ್ಬಲು ಹೊತ್ತು ಬೇಡ. ಬ್ಯಾಟರಿಯ ಎರಡೂ ತುದಿಗೆ ಟೇಪು ಸುತ್ತಿ, ಲೋಹದ ವಸ್ತುಗಳಿಲ್ಲದ ಒಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಡಬೇಕು. ಗುಂಡಿಯಾಕಾರದ ಸಣ್ಣ ಬ್ಯಾಟರಿಗೂ ಹಾಗೆಯೇ, ಅದು ಮಕ್ಕಳ ಕೈಗೆ ಸಿಗದ ಜಾಗದಲ್ಲಿ. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಚುಚ್ಚಬಾರದು, ಒಣ ಮರಳು ತುಂಬಿದ ಡಬ್ಬಿಯಲ್ಲಿಟ್ಟು ಮನೆಯ ಹೊರಗೆ ನೆರಳಿನಲ್ಲಿಡಬೇಕು. ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸವಿದೆ. ಸಾಗಿಸುವಾಗ ಒಡೆದರೆ ಕಿಟಕಿ ತೆರೆದು, 5ರಿಂದ 10 ನಿಮಿಷ ಆ ಕೋಣೆಯಿಂದ ಹೊರಗಿದ್ದು, ದಪ್ಪ ಕಾಗದದಿಂದ ಚೂರುಗಳನ್ನು ಬಾಚಿ, ಪುಡಿಯನ್ನು ಟೇಪಿಗೆ ಅಂಟಿಸಿ ತೆಗೆದು, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಶೀಸೆಗೆ ಹಾಕಬೇಕು. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಬೇಡ, ಪಾದರಸದ ಆವಿ ಕೋಣೆಯೆಲ್ಲ ಹರಡುತ್ತದೆ. ಬ್ಲೇಡು, ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಮೇಲೆ ಬರೆಯಬೇಕು. ಒಡೆದ ಗಾಜನ್ನು ಪತ್ರಿಕೆಯ ಹಲವು ಪದರದಲ್ಲಿ ಸುತ್ತಿ 'ಗಾಜು' ಎಂದು ಬರೆದು ಕೈಗೇ ಒಪ್ಪಿಸಬೇಕು. ಸ್ಯಾನಿಟರಿ ಪ್ಯಾಡು, ಡಯಾಪರನ್ನು ಕಾಗದದಲ್ಲಿ ಸುತ್ತಿ ಗುರುತು ಹಾಕಬೇಕು.

ಮಾಹಿತಿಯನ್ನು ತಲುಪಿಸುವವರು ಯಾರು ಎಂಬುದು ಕಡೆಯ ಪ್ರಶ್ನೆ, ಬಹುಮಟ್ಟಿಗೆ ಸೋಲು ಗೆಲುವು ಇಲ್ಲಿಯೇ ತೀರ್ಮಾನವಾಗುತ್ತದೆ. ಬಾಗಿಲ ಸಂದಿಯಲ್ಲಿ ತಳ್ಳಿದ ಹಾಳೆಗೆ ಬೆಲೆ ಇಲ್ಲ. ಸಾಮಾನು ಬಂದ ದಿನ ಹೋಗಬೇಡಿ, ಯಾರೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಎರಡನೆಯ ಅಥವಾ ಮೂರನೆಯ ದಿನ ಸಂಜೆ, ಅದೇ ಮಹಡಿಯ ಅಥವಾ ಅದೇ ಬೀದಿಯ ಒಬ್ಬರು ಹತ್ತು ನಿಮಿಷಕ್ಕೆ ಹೋಗಲಿ. 'ಮನೆ ಸೇರಿಕೊಂಡಿರಾ? ಏನಾದರೂ ಬೇಕಿತ್ತೇ?' ಎಂದು ಶುರುವಾಗಲಿ. ದಂಡದ ಮಾತು ಮೊದಲ ಭೇಟಿಯಲ್ಲಿ ಎತ್ತಬಾರದು. ಅವರನ್ನು ಬುಟ್ಟಿಗಳ ತನಕ ಕರೆದುಕೊಂಡು ಹೋಗಿ ತೋರಿಸಿ, ಹೋಗುವಾಗ ಆ ದಿನದ ಕಸವನ್ನೇ ಒಯ್ದು ಹಾಕಿಸಿ. ಒಮ್ಮೆ ಕೈಯಾರೆ ಸರಿಯಾಗಿ ಹಾಕಿದವರು ಎರಡನೆಯ ಸಲ ಹಾಳೆ ನೋಡುವುದಿಲ್ಲ. ಹಾಳೆಯನ್ನು ಸಿಂಕಿನ ಕೆಳಗಿನ ಬಾಗಿಲ ಒಳಬದಿಗೆ ಅಂಟಿಸಲು ಅಲ್ಲೇ ಟೇಪು ಕೊಟ್ಟುಬನ್ನಿ.

ಮುಖ್ಯವಾಗಿ, ಆ ಮನೆಯಲ್ಲಿ ಕಸ ಹೊರಗೆ ಹಾಕುವವರು ಯಾರೆಂದು ಕೇಳಿ. ಮನೆಯ ಯಜಮಾನರಿಗೆ ಹೇಳಿದ್ದು ಕೆಲಸಕ್ಕೆ ಬರುವವರಿಗೆ, ಅಜ್ಜಿಗೆ, ಹೈಸ್ಕೂಲಿಗೆ ಹೋಗುವ ಮಗನಿಗೆ ತಲುಪಿರುವುದಿಲ್ಲ. ಮನೆಗೆಲಸದವರು ಓದುವ ಭಾಷೆಯಲ್ಲೂ ಒಂದು ಹಾಳೆ ಇರಲಿ, ಓದು ಬಾರದವರಿಗೆ ಫೋಟೊಗಳೇ ಸಾಕಾಗುವಂತಿರಲಿ. ಬಾಡಿಗೆ ಮನೆಗಳಲ್ಲಿ ಹಾಳೆ ಮಾಲೀಕರ ಕೈಯಲ್ಲೇ ಉಳಿದುಬಿಡುತ್ತದೆ. ಅದನ್ನು ಕರಾರಿನ ಜತೆ ಲಗತ್ತಿಸಿ, ಕೀಲಿ ಕೊಡುವಾಗ ಕೊಡುವಂತೆ ಮಾಡಿ.

ಆಮೇಲೆ ತಪ್ಪು ಕಂಡಾಗ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕುವುದು, ಮನೆಯ ಸಂಖ್ಯೆ ಬರೆಯುವುದು ಬೇಡ. ಅವಮಾನಗೊಂಡವರು ಕಸವನ್ನು ಸರಿಯಾಗಿ ಹಾಕುವುದಿಲ್ಲ, ಕತ್ತಲಲ್ಲಿ ಹಾಕುತ್ತಾರೆ. ಬುಟ್ಟಿಗೆ ಸಣ್ಣ ಚೀಟಿ ಕಟ್ಟಿ, ಅದರಲ್ಲಿ ಕಂಡ ಒಂದೇ ವಸ್ತುವಿನ ಹೆಸರು ಮತ್ತು ಅದು ಎಲ್ಲಿಗೆ ಹೋಗಬೇಕು ಎಂದು ಬರೆಯಿರಿ: 'ರಸೀದಿ ಇತ್ತು, ಅದು ರದ್ದಿಯಲ್ಲಿ ಬೇಡ.' 'ಸರಿಯಾಗಿ ವಿಂಗಡಿಸಿ' ಎಂಬ ಚೀಟಿಯಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಕೆಲಸ ಫಲ ಕೊಡುತ್ತಿದೆಯೇ ಎಂದು ತಿಳಿಯಲು ಅಳೆಯಬೇಕು. ಸ್ವಾಗತ ಶುರುಮಾಡುವ ಮುಂಚೆ ಒಂದು ದಿನ, ಆರು ವಾರದ ನಂತರ ವಾರದ ಅದೇ ದಿನ ಇನ್ನೊಮ್ಮೆ, ಒಣ ಕಸದ ಹತ್ತು ಚೀಲಗಳನ್ನು ಯಾವ ಮನೆಯದೆಂದು ನೋಡದೆ ಆರಿಸಿ ಒಟ್ಟು ತೂಗಿ. ದಪ್ಪ ಕೈಗವಸು, ಮುಚ್ಚಿದ ಬೂಟು ಹಾಕಿಕೊಂಡು ಟಾರ್ಪಾಲಿನ ಮೇಲೆ ಸುರಿದು, ಅಲ್ಲಿರಬಾರದ ವಸ್ತುಗಳನ್ನು ಬೇರೆ ಮಾಡಿ ತೂಗಿ, ಎಣಿಸಿ. ತೂಕ, ಎಣಿಕೆ ಎರಡೂ ಬೇಕು. ಒಂದು ಒಡೆದ ಗಾಜಿನ ಜಾಡಿ ತೂಕವನ್ನು ಏರಿಸುತ್ತದೆ, ನೂರು ಕಾಗದದ ಲೋಟ ಎಣಿಕೆಯನ್ನು ಏರಿಸುತ್ತದೆ. ಎಷ್ಟು ತಪ್ಪು ಸಹಿಸಬಹುದು ಎಂದು ಕೇಳುವವರಿಗೆ ಒಂದು ಅಂಕಿ: ಚೀನಾ 2018ರಲ್ಲಿ ಹೊರದೇಶಗಳಿಂದ ಬರುವ ರದ್ದಿ ಕಾಗದದಲ್ಲಿ ಕಲಬೆರಕೆ ನೂರಕ್ಕೆ 0.5 ಭಾಗವನ್ನು ಮೀರಬಾರದು ಎಂದು ನಿಯಮ ತಂದಾಗ ಎಷ್ಟೋ ದೇಶಗಳ ವ್ಯವಸ್ಥೆಗಳು ಆ ಮಟ್ಟ ಮುಟ್ಟಲಾಗದೆ ತತ್ತರಿಸಿದವು. ಮನೆಯ ಹಂತದಲ್ಲಿ ಅಷ್ಟು ಶುದ್ಧಿ ಬರುವುದಿಲ್ಲ, ವಿಂಗಡಣೆಯಲ್ಲಿ ಇನ್ನಷ್ಟು ತೆಗೆಯುತ್ತಾರೆ. ಆದರೆ ಒದ್ದೆ ಮತ್ತು ಗಾಜಿನ ಚೂರನ್ನು ಅಲ್ಲಿ ತೆಗೆಯಲಾಗದು. ಅವೆರಡು ಸೊನ್ನೆಗೆ ಇಳಿದಿವೆಯೇ ಎಂಬುದನ್ನು ಮೊದಲು ನೋಡಿ.

ಹಾಳೆಯ ಕೆಳಮೂಲೆಯಲ್ಲಿ ಅಚ್ಚಾದ ತಿಂಗಳು, ವರ್ಷ ಇರಲಿ. ಗಾಡಿಯ ದಿನ ಬದಲಾದರೆ, ಗುಜರಿಯವರು ಒಂದು ವಸ್ತು ಕೊಳ್ಳುವುದನ್ನು ನಿಲ್ಲಿಸಿದರೆ, ಹಳೆಯ ಹಾಳೆಯನ್ನು ಕಿತ್ತು ಹೊಸದನ್ನು ಅಂಟಿಸಿ ಬರಬೇಕು. ಆರು ತಿಂಗಳಿಗೊಮ್ಮೆ ಮೊದಲು ಹೇಳಿದ ಆ ಮೂರು ಪ್ರಶ್ನೆಗಳನ್ನು ಒಯ್ಯುವವರ ಬಳಿ ಮತ್ತೆ ಕೇಳಿ. ಮನೆ ಖಾಲಿ ಮಾಡುವವರಿಗೂ ಹದಿನೈದು ದಿನ ಮುಂಚೆ ಒಂದು ಸಂದೇಶ ಹೋಗಲಿ: ಅಟ್ಟಣಿಗೆಯಲ್ಲಿ ಪೆಟ್ಟಿಗೆ ಇವೆ, ದೊಡ್ಡ ಸಾಮಾನು ಒಯ್ಯುವವರ ನಂಬರ್ ಇದು, ಬಣ್ಣ, ಬ್ಯಾಟರಿ, ಹಳೆಯ ಔಷಧಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಬುಟ್ಟಿಗಳನ್ನು ತೊಳೆದು ಮುಂದೆ ಬರುವವರಿಗೆ ಅಲ್ಲೇ ಇಟ್ಟುಹೋಗಿ.